ಮುಗಿಯದ ದಾರಿಯ ಕಥೆಗಾರ

ಕಾದಂಬರಿಯ ಕೊನೆಯ ಪುಟವನ್ನು ಮುಗಿಸಿದ ಓದುಗನಲ್ಲಿ ಎರಡು ಬಗೆಯ ಹಂಬಲಗಳು ಹುಟ್ಟುತ್ತವೆ. ಕಥೆಯ ಎಳೆ ಎಲ್ಲಿಗೆ ಹೋಗಿ ಸೇರುತ್ತದೆಂಬ ಕುತೂಹಲ ಒಂದು. ಪತ್ತೇದಾರಿ ಕಥೆಗಳೂ ಸಾಹಸ ಮಾಲಿಕೆಗಳೂ ಬೆಳೆದಿರುವುದು ಈ ಕುತೂಹಲದ ಬಲದಿಂದ. ಇನ್ನೊಂದು ಹಂಬಲಕ್ಕೆ ಕಥೆಯ ಎಳೆಯ ಚಿಂತೆ ಅಷ್ಟಾಗಿ ಇರುವುದಿಲ್ಲ. ಇಷ್ಟು ದಿನ ಜೊತೆಯಲ್ಲಿದ್ದ ಒಬ್ಬ ಮನುಷ್ಯ ಇನ್ನು ಕಾಣಸಿಗುವುದಿಲ್ಲವಲ್ಲ ಎಂಬ ಕೊರಗು ಅದು. ಆತ ಎಲ್ಲಿದ್ದಾನೆ, ಹೇಗಿದ್ದಾನೆ, ಅವನ ಮಗು ಏನಾಯಿತು ಎಂದು ನೆಂಟರ ವಿಷಯದಲ್ಲಿ ವಿಚಾರಿಸುವಂತೆಯೇ ಓದುಗ ಮನಸ್ಸಿನಲ್ಲಿ ವಿಚಾರಿಸುತ್ತಾನೆ. ಈ ಎರಡನೆಯ ಹಂಬಲವನ್ನು ಹುಟ್ಟಿಸಬಲ್ಲ ಲೇಖಕರು ಯಾವ ಭಾಷೆಯಲ್ಲೂ ವಿರಳ.

ಬಂಗಾಳದ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ಅಂಥ ವಿರಳ ಲೇಖಕರಲ್ಲಿ ಒಬ್ಬರು. ಅವರ ಹೆಸರು ಗೊತ್ತಿಲ್ಲದವರಿಗೂ ಅಪುವಿನ ಹೆಸರು ಗೊತ್ತಿರುತ್ತದೆ. ಸತ್ಯಜಿತ್ ರಾಯ್ ಅವರ ಚಿತ್ರತ್ರಯದ ಮೂಲಕ ಜಗತ್ತಿನ ಮೂಲೆಮೂಲೆಗೆ ತಲುಪಿದ ಆ ಹುಡುಗ ಹುಟ್ಟಿದ್ದು ಈ ಶಾಲಾ ಮಾಸ್ತರರ ಲೇಖನಿಯಿಂದ. ಅವರು ಅಪುವಿನ ಕಥೆಯನ್ನು ಎರಡು ಕಾದಂಬರಿಗಳಲ್ಲಿ ಹೇಳಿದರು. ಮೂರನೆಯದನ್ನು ಬರೆಯುವ ಉದ್ದೇಶವಿದ್ದೂ ಬರೆಯದೆ ತೀರಿಕೊಂಡರು. ಆ ಮೂರನೆಯ ಕಾದಂಬರಿ ಮುಂದೆ ಬಂದದ್ದು, ಅವರು ಸತ್ತಾಗ ಕೇವಲ ಮೂರು ವರ್ಷದವನಾಗಿದ್ದ ಅವರ ಮಗನಿಂದ. ಉತ್ತರಭಾಗಕ್ಕಾಗಿ ಕಾಯುವ ಓದುಗರ ಬಗೆಗೆ, ಅದನ್ನು ಬರೆಯುವ ಹಕ್ಕು ಯಾರದೆಂಬ ಪ್ರಶ್ನೆಯ ಬಗೆಗೆ ಯೋಚಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಭಾರತೀಯ ಸಾಹಿತ್ಯದಲ್ಲಿ ಸಿಗುವುದು ಕಷ್ಟ.

ಬಿಭೂತಿಭೂಷಣರು ಹುಟ್ಟಿದ್ದು 1894ರ ಸೆಪ್ಟೆಂಬರ್ 12ರಂದು, ಕಾಂಚ್ರಾಪಾರಾ ಬಳಿಯ ಮುರಾತಿಪುರ ಗ್ರಾಮದ ಸೋದರಮಾವನ ಮನೆಯಲ್ಲಿ. ಪೂರ್ವಿಕರ ಊರು ಬನಗಾಂವ್ ಬಳಿಯ ಬಾರಕ್‌ಪುರ. ಕಲ್ಕತ್ತದ ಹತ್ತಿರ ಅದೇ ಹೆಸರಿನ ದಂಡುಪ್ರದೇಶವೊಂದಿದೆ; ಇದು ಬೇರೆ. ಇದು ಇಚ್ಛಾಮತಿ ನದಿಯ ದಡದಲ್ಲಿ ಬಿದಿರುಮೆಳೆ, ಮಾವಿನ ತೋಪುಗಳ ನಡುವೆ ಅಡಗಿದ್ದ ಬಡ ಹಳ್ಳಿ. ತಂದೆ ಮಹಾನಂದರು ಸಂಸ್ಕೃತ ಬಲ್ಲವರು. ಪುರಾಣ ಹೇಳುವುದು ಅವರ ವೃತ್ತಿ. ನಮ್ಮ ಕಡೆಯ ಪುರಾಣಿಕರಂತೆ, ಹರಿಕಥೆಯ ದಾಸರಂತೆ ಊರೂರು ತಿರುಗಿ ಕಥೆ ಹೇಳಿ, ಸಿಕ್ಕ ಸಂಭಾವನೆಯಲ್ಲಿ ಸಂಸಾರ ಸಾಗಿಸುತ್ತಿದ್ದರು. ಐವರು ಮಕ್ಕಳಲ್ಲಿ ಬಿಭೂತಿಭೂಷಣರೇ ಹಿರಿಯರು. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಒಲೆಗೆ ಮಾತ್ರ ನಿಶ್ಚಿತವಾದ ಅಕ್ಕಿಯಿರಲಿಲ್ಲ.

ಪುರಾಣ ಹೇಳುವವನ ಮಗನಿಗೆ ಒಂದು ವಿಷಯ ಎಳವೆಯಲ್ಲೇ ತಿಳಿಯುತ್ತದೆ. ಕಥೆಯನ್ನು ಒಂದೇ ರಾತ್ರಿಯಲ್ಲಿ ಮುಗಿಸುವಂತಿಲ್ಲ. ಕೇಳುವವರು ನಾಳೆಯೂ ಬರಬೇಕು. ರಾಮ ಕಾಡಿಗೆ ಹೊರಟ ಘಟ್ಟದಲ್ಲಿ ಇಂದಿನ ಪ್ರವಚನ ನಿಂತರೆ, ನಾಳೆಯವರೆಗೆ ಊರಿಗೆ ಊರೇ ಆ ಕಾಡಿನ ದಾರಿಯಲ್ಲಿರುತ್ತದೆ. ಕೊನೆಯ ದಿನ ಮಂಗಳ ಹಾಡಿದಾಗ ಕೇಳುಗರಿಗೆ ಸಂತೋಷದ ಜೊತೆಗೆ ಒಂದು ಬಗೆಯ ಖಿನ್ನತೆಯೂ ಆಗುತ್ತದೆ. ತಂದೆಯ ಕಸುಬಿನ ಈ ಗುಟ್ಟನ್ನು ಮಗ ಮರೆತಂತಿಲ್ಲ. ಅವರ ಕಾದಂಬರಿಗಳಲ್ಲಿ ಮಂಗಳ ಹಾಡುವ ಗಳಿಗೆ ಬರುವುದೇ ಇಲ್ಲ.

ಶಾಲೆಯಲ್ಲಿ ಓದುತ್ತಿದ್ದಾಗಲೇ ತಂದೆ ತೀರಿಕೊಂಡರು. ಬನಗಾಂವ್ ಪ್ರೌಢಶಾಲೆಯಿಂದ 1914ರಲ್ಲಿ ಮೊದಲ ದರ್ಜೆಯಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಕಲ್ಕತ್ತದ ರಿಪನ್ ಕಾಲೇಜು ಸೇರಿ, 1918ರಲ್ಲಿ ಬಿ.ಎ. ಪದವಿ ಪಡೆದರು. ಮುಂದೆ ಎಂ.ಎ. ಮತ್ತು ಕಾನೂನು ಓದುವ ಆಸೆಯಿತ್ತು. ಹಣವಿಲ್ಲದ್ದರಿಂದ ಅದು ಕೈಗೂಡಲಿಲ್ಲ. ಪದವಿ ಮುಗಿಯುವ ಮುಂಚೆಯೇ ಗೌರಿ ಎಂಬವರೊಡನೆ ಮದುವೆಯಾಗಿತ್ತು. ವರ್ಷವೊಂದು ಕಳೆಯುವಷ್ಟರಲ್ಲಿ ಆಕೆಯೂ ತೀರಿಕೊಂಡರು. ಇಪ್ಪತ್ತೈದು ತುಂಬುವ ಮೊದಲೇ ಬಿಭೂತಿಭೂಷಣರು ವಿಧುರರಾದರು. ಮತ್ತೆ ಇಪ್ಪತ್ತೆರಡು ವರ್ಷ ಅವರು ಒಂಟಿಯಾಗಿಯೇ ಉಳಿದರು.

ಬದುಕಿನ ಆ ಒಂಟಿ ಅವಧಿ ಅವರನ್ನು ಊರಿಂದೂರಿಗೆ ಅಲೆಸಿತು. ಹೂಗ್ಲಿ ಜಿಲ್ಲೆಯ ಜಾಂಗಿಪಾರಾದಲ್ಲಿ, ಅನಂತರ ಹರಿನಾಭಿಯಲ್ಲಿ ಶಾಲಾ ಶಿಕ್ಷಕರಾಗಿ ದುಡಿದರು. ಹರಿನಾಭಿಯಲ್ಲಿದ್ದಾಗ, 1922ರಲ್ಲಿ, ರಾಮಾನಂದ ಚಟರ್ಜಿಯವರ ಹೆಸರಾಂತ ಮಾಸಪತ್ರಿಕೆ 'ಪ್ರಬಾಸಿ'ಯಲ್ಲಿ ಅವರ ಮೊದಲ ಕಥೆ 'ಉಪೇಕ್ಷಿತಾ' ಅಚ್ಚಾಯಿತು. ಅನಂತರ ಗೋರಕ್ಷಣಾ ಸಭೆಯೊಂದರ ಸಂಚಾರಿ ಪ್ರಚಾರಕರಾಗಿ ಪೂರ್ವ ಬಂಗಾಳದಿಂದ ಅರಾಕಾನ್ ಗಡಿಯವರೆಗೆ ತಿರುಗಾಡಿದರು. ಆಮೇಲೆ ಕಲ್ಕತ್ತದ ಶ್ರೀಮಂತ ಜಮೀನುದಾರರಾದ ಖೇಲತ್‌ಚಂದ್ರ ಘೋಷ್ ಅವರ ಮನೆತನದಲ್ಲಿ ಮನೆಪಾಠದ ಮೇಷ್ಟ್ರಾದರು, ಕಾರ್ಯದರ್ಶಿಯಾದರು. ಕೊನೆಗೆ ಅದೇ ಮನೆತನದ ಭಾಗಲ್ಪುರ ಎಸ್ಟೇಟಿನ ಸಹಾಯಕ ಮ್ಯಾನೇಜರಾಗಿ ಬಿಹಾರದ ಕಾಡುನಾಡಿಗೆ ಹೋದರು. ಕಾಡನ್ನು ಕಡಿಸಿ, ಭೂಮಿಯನ್ನು ಗೇಣಿದಾರರಿಗೆ ಹಂಚುವ ಉದ್ಯೋಗ ಅದು. ಮರಗಳನ್ನು ಪ್ರೀತಿಸುವ ಮನುಷ್ಯನಿಗೆ ಇಂಥ ಕೆಲಸ ಸಿಕ್ಕಿದ್ದು ವಿಧಿಯ ಕುಚೋದ್ಯವೆನ್ನಬೇಕು.

ಭಾಗಲ್ಪುರದಲ್ಲಿ ಅವರು ತಮ್ಮ ಹಳ್ಳಿಯನ್ನು ನೆನೆದು ಕಾದಂಬರಿಯೊಂದನ್ನು ಬರೆಯತೊಡಗಿದರು. 1925ರಲ್ಲಿ ಆರಂಭಿಸಿದ ಬರವಣಿಗೆ ಮುಗಿದದ್ದು 1928ರಲ್ಲಿ. ಈ ನಡುವೆ ನಡೆದ ಒಂದು ಪ್ರಸಂಗ ಬಂಗಾಳದ ಸಾಹಿತ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ಒಂದು ದಿನ ಭಾಗಲ್ಪುರದಲ್ಲಿ ಕೆದರಿದ ಕೂದಲಿನ ಪುಟ್ಟ ಹುಡುಗಿಯೊಬ್ಬಳು ಅವರ ಕಣ್ಣಿಗೆ ಬಿದ್ದಳು. ಅವಳ ಮುಖದಲ್ಲಿದ್ದ ತುಂಟತನವೂ ಹಸಿವೂ ಅವರನ್ನು ಹಿಡಿದು ನಿಲ್ಲಿಸಿದವು. ಅಲ್ಲಿಯವರೆಗೆ ಬರೆದ ಹಸ್ತಪ್ರತಿಯಲ್ಲಿ ಇಂಥ ಹುಡುಗಿ ಇರಲಿಲ್ಲ. ಅವಳಿಲ್ಲದ ಕಾದಂಬರಿ ನಿರರ್ಥಕವೆನ್ನಿಸಿ, ಬರೆದದ್ದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಬರೆದರು. ಅಪುವಿಗೆ ಅಕ್ಕ ದುರ್ಗಾ ಸಿಕ್ಕಿದ್ದು ಹೀಗೆ. ಇಂದು ಅವಳಿಲ್ಲದ 'ಪಥೇರ್ ಪಾಂಚಾಲಿ'ಯನ್ನು ಊಹಿಸಿಕೊಳ್ಳುವುದೂ ಸಾಧ್ಯವಿಲ್ಲ.

ಕಾದಂಬರಿ 1928ರಿಂದ 'ಬಿಚಿತ್ರಾ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಅದರ ಸಂಪಾದಕರಾದ ಉಪೇಂದ್ರನಾಥ ಗಂಗೋಪಾಧ್ಯಾಯರಿಗೂ ಬಿಭೂತಿಭೂಷಣರಿಗೂ ಭಾಗಲ್ಪುರದಲ್ಲೇ ಪರಿಚಯವಾಗಿತ್ತು. 1929ರಲ್ಲಿ ಸಜನೀಕಾಂತ ದಾಸರು ಅದನ್ನು ಪುಸ್ತಕವಾಗಿ ಹೊರತಂದರು. ರವೀಂದ್ರರೂ ಶರತ್‌ಚಂದ್ರರೂ ಬದುಕಿದ್ದು ಬರೆಯುತ್ತಿದ್ದ ಕಾಲವದು. ಆ ಇಬ್ಬರು ದಿಗ್ಗಜರ ನೆರಳಿನಲ್ಲಿ ಹೊಸಬನೊಬ್ಬ ತನ್ನದೇ ದನಿಯಲ್ಲಿ ಮಾತಾಡುವುದು ಸುಲಭವಿರಲಿಲ್ಲ. ನಿಶ್ಚಿಂದಿಪುರವೆಂಬ ಹಳ್ಳಿ, ಅಲ್ಲಿನ ಬಡ ಪುರೋಹಿತ ಹರಿಹರ, ಅವನ ಹೆಂಡತಿ ಸರ್ವಜಯಾ, ಮಕ್ಕಳಾದ ದುರ್ಗಾ ಮತ್ತು ಅಪು, ಹಲ್ಲಿಲ್ಲದ ಮುದುಕಿ ಇಂದಿರ್ ಠಾಕ್ರುಣ್. ಇವರ ಬದುಕಿನಲ್ಲಿ ದೊಡ್ಡ ಘಟನೆಗಳೆಂಬುವು ಸಾವುಗಳು ಮಾತ್ರ. ಉಳಿದದ್ದೆಲ್ಲ ಕದ್ದು ತಿಂದ ಮಾವಿನಕಾಯಿ, ಮಳೆ, ಹುಲ್ಲುಗಾವಲಿನ ಹೂವು, ದೂರದ ರೈಲು. ಆದರೂ ಓದುಗರು ತಿಂಗಳು ತಿಂಗಳು ಕಾದು ಓದಿದರು.

ಈ ಕಾದಂಬರಿ ಹೇಗೆ ಮುಗಿಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಅದರಲ್ಲಿ ಮೂರು ಭಾಗಗಳಿವೆ. ಎರಡನೆಯ ಭಾಗದ ಕೊನೆಗೆ ದುರ್ಗೆಯನ್ನು ಕಳೆದುಕೊಂಡ ಕುಟುಂಬ ಹಳ್ಳಿಯನ್ನು ಬಿಟ್ಟು ಕಾಶಿಗೆ ಹೊರಡುತ್ತದೆ. ಮೂರನೆಯ ಭಾಗಕ್ಕೆ ಅವರು ಕೊಟ್ಟ ಹೆಸರು 'ಅಕ್ರೂರ ಸಂವಾದ'. ಭಾಗವತ ಕೇಳಿ ಬೆಳೆದವರಿಗೆ ಈ ಹೆಸರಿನ ಇಂಗಿತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ರೂರನ ರಥವೇರಿ ಹೊರಟ ಕೃಷ್ಣ ಮತ್ತೆ ಗೋಕುಲಕ್ಕೆ ಮರಳಿ ಬಂದು ನೆಲೆಸಲಿಲ್ಲ. ಅಪುವಿನ ತಂದೆ ಕಾಶಿಯಲ್ಲಿ ಸಾಯುತ್ತಾನೆ. ತಾಯಿ ಶ್ರೀಮಂತರ ಮನೆಯ ಅಡಿಗೆಯವಳಾಗುತ್ತಾಳೆ. ನಿಶ್ಚಿಂದಿಪುರಕ್ಕೆ ಹಿಂದಿರುಗುವ ಕನಸು ಕಾಣುತ್ತಿರುವ ಹುಡುಗನ ಮುಂದೆ ಹಾದಿಯ ದೇವತೆ ಮುಗುಳ್ನಗುತ್ತದೆ. ನಿನ್ನ ದಾರಿ ಹಿಂದಕ್ಕಲ್ಲ, ಮುಂದಕ್ಕಿದೆ ಎಂಬ ಭಾವ ಮೂಡಿಸಿ ಕಥೆ ನಿಲ್ಲುತ್ತದೆ. ಕಾದಂಬರಿಯ ಹೆಸರಿನಲ್ಲೇ ದಾರಿಯಿದೆ. ದಾರಿ ಇನ್ನೂ ಉಳಿದಿರುವಾಗ ಕಥೆ ಮುಗಿಯಿತೆಂದು ಓದುಗ ಒಪ್ಪುವುದಾದರೂ ಹೇಗೆ?

ಓದುಗರು ಬಹಳ ಕಾಯಬೇಕಾಗಲಿಲ್ಲ. ಅದರ ಮುಂದಿನ ಭಾಗವಾದ 'ಅಪರಾಜಿತೊ' ಬೇಗನೆ 'ಪ್ರಬಾಸಿ'ಯಲ್ಲಿ ಧಾರಾವಾಹಿಯಾಗಿ ಆರಂಭವಾಗಿ, 1932ರಲ್ಲಿ ಪುಸ್ತಕವಾಯಿತು. ಯಶಸ್ವಿಯಾದ ಕೃತಿಯ ಬೆನ್ನ ಹಿಂದೆ ಬರುವ ಉತ್ತರಭಾಗಗಳು ಸಾಮಾನ್ಯವಾಗಿ ಮೊದಲಿನದರ ನೆರಳಾಗಿಬಿಡುತ್ತವೆ. ಓದುಗ ಮೆಚ್ಚಿದ್ದನ್ನೇ ಮತ್ತೆ ಬಡಿಸುವ ಆಮಿಷ ಲೇಖಕನಿಗಿರುತ್ತದೆ. ಬಿಭೂತಿಭೂಷಣರು ಆ ದಾರಿ ಹಿಡಿಯಲಿಲ್ಲ. ಹಳ್ಳಿಯ ಹುಡುಗನನ್ನು ಅವರು ಕಲ್ಕತ್ತಕ್ಕೆ ಕರೆದೊಯ್ದರು, ಅವನನ್ನು ಹಸಿವಿಗೂ ಪುಸ್ತಕಗಳಿಗೂ ಒಪ್ಪಿಸಿದರು. ಅಪು ತಾಯಿಯಿಂದ ದೂರವಾಗುತ್ತಾನೆ. ಅವಳು ಸತ್ತ ಸುದ್ದಿ ಬಂದಾಗ ಮೊದಲು ಅವನಿಗೆ ತಟ್ಟುವುದು ಬಿಡುಗಡೆಯಂಥ ಒಂದು ಭಾವನೆ; ಆಮೇಲೆ ದುಃಖ. ಮಗನ ಮನಸ್ಸಿನ ಈ ಸತ್ಯವನ್ನು ಬರೆಯಲು ಧೈರ್ಯ ಬೇಕು. ಮುಂದೆ ಅಪರ್ಣಾಳೊಡನೆ ಅನಿರೀಕ್ಷಿತವಾದ ಮದುವೆ, ಹೆರಿಗೆಯಲ್ಲಿ ಅವಳ ಸಾವು, ಹುಟ್ಟಿದ ಮಗುವಿನ ಮುಖವನ್ನೂ ನೋಡದೆ ವರ್ಷಗಟ್ಟಲೆ ಕಾಡುಮೇಡು ಅಲೆಯುವ ತಂದೆ. ತಾರುಣ್ಯದಲ್ಲೇ ಹೆಂಡತಿಯನ್ನು ಕಳೆದುಕೊಂಡು ಅಲೆದವರ ಅನುಭವವೇ ಈ ಪುಟಗಳಲ್ಲಿ ಮಾತಾಡುತ್ತದೆ ಎಂಬುದು ಓದುಗರಿಗೆ ಅರ್ಥವಾಗದೆ ಇರುವುದಿಲ್ಲ.

'ಅಪರಾಜಿತೊ'ದ ಕೊನೆಯಂತೂ ಇನ್ನಷ್ಟು ತೆರೆದದ್ದು. ಅಪು ಮಗ ಕಾಜಲ್‌ನನ್ನು ಕರೆದುಕೊಂಡು ಅನೇಕ ವರ್ಷಗಳ ಮೇಲೆ ನಿಶ್ಚಿಂದಿಪುರಕ್ಕೆ ಬರುತ್ತಾನೆ. ಬಾಲ್ಯದ ನೆರೆಮನೆಯ ರಾಣು ಅಕ್ಕನ ಮಡಿಲಿಗೆ ಮಗುವನ್ನು ಒಪ್ಪಿಸಿ, ತಾನು ಸಮುದ್ರದಾಚೆಯ ದೂರದ ನಾಡಿಗೆ ಹೊರಟುಹೋಗುತ್ತಾನೆ. ತಂದೆ ಆಡಿ ಬೆಳೆದ ಪಾಳುಮನೆಯ ಸುತ್ತಲಿನ ಗಿಡಮರಗಳ ನಡುವೆ ಈಗ ಮಗ ಅಲೆಯುತ್ತಾನೆ. ಹಳೆಯ ಅಪುವೇ ಮತ್ತೆ ಹುಟ್ಟಿ ಬಂದಂತೆ ಆ ಹಳ್ಳಿ ಅವನನ್ನು ಬರಮಾಡಿಕೊಳ್ಳುತ್ತದೆ. ಒಂದು ದೃಷ್ಟಿಯಿಂದ ಇದು ಪರಿಪೂರ್ಣವಾದ ಮುಕ್ತಾಯ. ವೃತ್ತವೊಂದು ಸುತ್ತಿ ಬಂದು ಕೂಡಿಕೊಂಡಿದೆ. ಇನ್ನೊಂದು ದೃಷ್ಟಿಯಿಂದ ಇದು ಓದುಗನ ಎದೆಯಲ್ಲಿ ಉಳಿಯುವ ಮುಳ್ಳು. ತಾಯಿಯಿಲ್ಲದ ಆ ಮಗುವನ್ನು ತಂದೆಯೂ ಬಿಟ್ಟು ಹೋದನಲ್ಲ. ಅವನು ಮರಳಿ ಬಂದನೇ? ಬಾರದಿದ್ದರೆ ಆ ಮಗು ಏನಾಯಿತು?

ಈ ಪ್ರಶ್ನೆಗೆ ಉತ್ತರ ಕೊಡುವ ಉದ್ದೇಶ ಬಿಭೂತಿಭೂಷಣರಿಗಿತ್ತು. ಕಾಜಲ್‌ನ ಕಥೆಯನ್ನು ಬರೆಯಬೇಕೆಂಬ ಯೋಚನೆ ಅವರ ಮನಸ್ಸಿನಲ್ಲಿತ್ತು. ಆದರೆ 'ಅಪರಾಜಿತೊ' ಬಂದ ಮೇಲೆ ಹದಿನೆಂಟು ವರ್ಷ ಬದುಕಿದ್ದರೂ ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಈ ಅವಧಿಯಲ್ಲಿ ಅವರು ಸುಮ್ಮನೆ ಕೂತವರಲ್ಲ. ಭಾಗಲ್ಪುರದ ಕಾಡಿನ ಅನುಭವವನ್ನು 'ಆರಣ್ಯಕ'ದಲ್ಲಿ ಬರೆದರು. ಕಾಡನ್ನು ಪ್ರೀತಿಸುತ್ತಲೇ ಅದರ ನಾಶಕ್ಕೆ ಕಾರಣನಾಗುವ ಮ್ಯಾನೇಜರನ ಪಶ್ಚಾತ್ತಾಪದ ಆ ಕಥೆ 1939ರಲ್ಲಿ ಪುಸ್ತಕವಾಯಿತು. ಎಂದೂ ಆಫ್ರಿಕಕ್ಕೆ ಕಾಲಿಡದ ಮನುಷ್ಯ, ಪುಸ್ತಕಗಳನ್ನೇ ಆಧಾರವಾಗಿಟ್ಟುಕೊಂಡು, ಆ ಖಂಡದ ಬೆಟ್ಟಗುಡ್ಡಗಳಲ್ಲಿ ನಡೆಯುವ 'ಚಾಂದೇರ್ ಪಹಾಡ್' ಎಂಬ ಸಾಹಸ ಕಾದಂಬರಿಯನ್ನು ಮಕ್ಕಳಿಗಾಗಿ ಬರೆದರು. ಅಡಿಗೆಯವನೊಬ್ಬ ಸ್ವಂತ ಹೋಟೆಲು ತೆರೆಯುವ 'ಆದರ್ಶ ಹಿಂದೂ ಹೋಟೆಲ್', ಸಾವಿನಾಚೆಯ ಲೋಕವನ್ನು ಕಲ್ಪಿಸಿಕೊಂಡ 'ದೇವಯಾನ', 1943ರ ಬಂಗಾಳದ ಬರಗಾಲದ ಕಥೆ 'ಅಶನಿ ಸಂಕೇತ', ತಮ್ಮೂರಿನ ನದಿಯ ಹೆಸರಿನ 'ಇಚ್ಛಾಮತಿ' ಹೀಗೆ ಒಂದಾದ ಮೇಲೊಂದು ಕೃತಿಗಳು ಬಂದವು. ಇಷ್ಟರ ನಡುವೆಯೂ ಅವರು ಶಾಲೆಯ ಕೆಲಸ ಬಿಡಲಿಲ್ಲ. ಕಲ್ಕತ್ತದ ಧರ್ಮತಲಾದ ಶಾಲೆಯಲ್ಲಿ ದುಡಿದು, ಕೊನೆಗೆ ತಮ್ಮೂರಿನ ಪಕ್ಕದ ಗೋಪಾಲನಗರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು.

1940ರ ಡಿಸೆಂಬರಿನಲ್ಲಿ, ನಲವತ್ತಾರರ ವಯಸ್ಸಿನಲ್ಲಿ, ಅವರು ರಮಾ ಅವರನ್ನು ಮದುವೆಯಾದರು. ಅನೇಕ ವರ್ಷಗಳ ಅಲೆದಾಟದ ಮೇಲೆ ಮನೆಯೆಂಬುದೊಂದು ಕೂಡಿಬಂತು. ಬಾರಕ್‌ಪುರದ ಮನೆಯ ಜೊತೆಗೆ, ಇಂದು ಜಾರ್ಖಂಡಿಗೆ ಸೇರಿರುವ ಘಾಟ್‌ಶಿಲಾದಲ್ಲಿ, ಸುವರ್ಣರೇಖಾ ನದಿಯ ಊರಿನಲ್ಲಿ, ಅವರಿಗೊಂದು ಮನೆಯಿತ್ತು. ಅದಕ್ಕೆ ಮೊದಲ ಹೆಂಡತಿಯ ನೆನಪಿನಲ್ಲಿ 'ಗೌರೀಕುಂಜ'ವೆಂದು ಹೆಸರಿಟ್ಟಿದ್ದರು. 1947ರ ಅಕ್ಟೋಬರಿನಲ್ಲಿ ಮಗ ತಾರಾದಾಸ ಹುಟ್ಟಿದ. ಐವತ್ತಮೂರರಲ್ಲಿ ತಂದೆಯಾದ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. 1950ರ ನವೆಂಬರ್ 1ರಂದು ಘಾಟ್‌ಶಿಲಾದ ಮನೆಯಲ್ಲಿ ಬಿಭೂತಿಭೂಷಣರು ತೀರಿಕೊಂಡರು. ಆಗ ಅವರಿಗೆ ಐವತ್ತಾರು ವರ್ಷ. 'ಇಚ್ಛಾಮತಿ'ಗೆ ರವೀಂದ್ರ ಪುರಸ್ಕಾರ ಬಂದದ್ದು ಅವರು ಹೋದ ಮೇಲೆ.

ಹೀಗೆ ಕಾದಂಬರಿಕಾರನ ಬದುಕು ಅವನದೇ ಕಾದಂಬರಿಯ ಕೊನೆಯ ಪುಟದಂತೆ ನಿಂತುಹೋಯಿತು. 'ಅಪರಾಜಿತೊ'ದಲ್ಲಿ ತಂದೆ ಮರಳಿ ಬಾರದ ದಾರಿಯಲ್ಲಿ ಹೊರಟಿದ್ದ. ಮಗು ಹಳ್ಳಿಯಲ್ಲಿ ಉಳಿದಿತ್ತು. ಮಗ ಹುಟ್ಟುವ ಹದಿನೈದು ವರ್ಷಗಳ ಮುಂಚೆ ಬರೆದ ದೃಶ್ಯ ಅದು. ಈಗ ಅದು ನಿಜವಾಯಿತು.

ಬಿಭೂತಿಭೂಷಣರ ಮರಣಾನಂತರದ ಕಥೆಯಲ್ಲಿ ಮೊದಲು ಬರುವ ಹೆಸರು ಸತ್ಯಜಿತ್ ರಾಯ್ ಅವರದು. 1944ರಲ್ಲಿ ಸಿಗ್ನೆಟ್ ಪ್ರೆಸ್ ಮಕ್ಕಳಿಗಾಗಿ 'ಪಥೇರ್ ಪಾಂಚಾಲಿ'ಯ ಸಂಗ್ರಹವೊಂದನ್ನು ಹೊರತಂದಾಗ ಅದಕ್ಕೆ ಚಿತ್ರ ಬರೆದವರು ಯುವಕ ರಾಯ್. ಸಿನಿಮಾದ ಬೀಜ ಬಿದ್ದದ್ದು ಅಲ್ಲಿ. ರಮಾ ಅವರು ಚಿತ್ರೀಕರಣದ ಹಕ್ಕನ್ನು, ಅಲ್ಲಿಯವರೆಗೆ ಒಂದು ಸಿನಿಮಾವನ್ನೂ ಮಾಡಿರದ ಆ ತರುಣನಿಗೆ ಕೊಟ್ಟರು. ವಿಧವೆಯಾದ ಯುವತಿಯೊಬ್ಬಳು ಆ ಹೊತ್ತಿನಲ್ಲಿ ತೋರಿದ ವಿಶ್ವಾಸಕ್ಕೆ ಭಾರತೀಯ ಚಿತ್ರರಂಗ ಋಣಿಯಾಗಿರಬೇಕು. 1955ರಲ್ಲಿ 'ಪಥೇರ್ ಪಾಂಚಾಲಿ', 1956ರಲ್ಲಿ 'ಅಪರಾಜಿತೊ', 1959ರಲ್ಲಿ 'ಅಪುರ್ ಸಂಸಾರ್' ತೆರೆಗೆ ಬಂದವು.

ಆದರೆ ರಾಯ್ ಅವರ ತ್ರಯದಲ್ಲಿ ಕಥೆ ಮುಗಿಯುವುದು ಬೇರೆ ರೀತಿಯಲ್ಲಿ. ಮೊದಲ ಚಿತ್ರ ಎತ್ತಿನಗಾಡಿ ಹಳ್ಳಿ ಬಿಡುವಲ್ಲಿ ನಿಲ್ಲುತ್ತದೆ. ಕಾದಂಬರಿಯ ಮೂರನೆಯ ಭಾಗ ಎರಡನೆಯ ಚಿತ್ರಕ್ಕೆ ಸೇರುತ್ತದೆ. ಕೊನೆಯ ಚಿತ್ರದಲ್ಲಿ ಅಪು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಾನೆ. ಕಾದಂಬರಿಯ ಅಪು ಬಿಟ್ಟು ಹೋದ ಮಗುವನ್ನು ಸಿನಿಮಾದ ಅಪು ಎತ್ತಿಕೊಂಡ. ಓದುಗರ ಎದೆಯ ಮುಳ್ಳನ್ನು ರಾಯ್ ಮೆಲ್ಲನೆ ತೆಗೆದರು ಎನ್ನಬಹುದು. ಸಿನಿಮಾದ ಪ್ರಭಾವ ಎಷ್ಟಿತ್ತೆಂದರೆ, 1968ರಲ್ಲಿ ಟಿ.ಡಬ್ಲ್ಯು. ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿಯವರ ಇಂಗ್ಲಿಷ್ ಅನುವಾದ ಬಂದಾಗ ಅದೂ 'ಅಕ್ರೂರ ಸಂವಾದ'ವನ್ನು ಕೈಬಿಟ್ಟು, ಹಳ್ಳಿ ಬಿಡುವ ಘಟ್ಟದಲ್ಲೇ ನಿಂತಿತು. ಆ ಅನುವಾದವನ್ನಷ್ಟೇ ಓದಿದವರಿಗೆ ಹಾದಿಯ ದೇವತೆಯ ಮುಗುಳ್ನಗೆ ದಕ್ಕಲೇ ಇಲ್ಲ. ಒಂದು ಕೃತಿ ಎಲ್ಲಿ ಮುಗಿಯುತ್ತದೆಂಬುದನ್ನು ಲೇಖಕ ಮಾತ್ರ ನಿರ್ಧರಿಸುತ್ತಾನೆಂದು ನಾವು ಭಾವಿಸಿದ್ದೇವೆ. ನಿರ್ದೇಶಕ, ಅನುವಾದಕ, ಪ್ರಕಾಶಕ ಎಲ್ಲರೂ ಅದರಲ್ಲಿ ಪಾಲು ಪಡೆಯುತ್ತಾರೆಂಬುದಕ್ಕೆ ಇದು ಸಾಕ್ಷಿ.

ಕಾಜಲ್‌ನ ಕಥೆ ಮಾತ್ರ ಇನ್ನೂ ಬಾಕಿಯಿತ್ತು. ಅದನ್ನು ಬರೆದವರು ತಾರಾದಾಸ ಬಂದ್ಯೋಪಾಧ್ಯಾಯರು. ತಂದೆಯ ಮುಖ ನೆನಪಿನಲ್ಲಿ ಉಳಿಯುವ ವಯಸ್ಸಿಗೆ ಮುಂಚೆಯೇ ತಂದೆಯನ್ನು ಕಳೆದುಕೊಂಡ ಹುಡುಗ ಆ ತಂದೆಯನ್ನು ಅರಿತದ್ದು ಬಹುಮಟ್ಟಿಗೆ ಓದುಗನಾಗಿ. ಬೆಳೆದು ಲೇಖಕನಾದ ಮೇಲೆ 'ಕಾಜಲ್' ಎಂಬ ಹೆಸರಿನಲ್ಲೇ ಕಾದಂಬರಿ ಬರೆದು, ಅಪುವಿನ ಮಗನ ಬದುಕನ್ನು ಮುಂದುವರಿಸಿದರು. ಅದರ ಮುಂದುವರಿಕೆಯಾಗಿ 'ತೃತೀಯ ಪುರುಷ'ವನ್ನೂ ಬರೆದರು. ತಂದೆ ಕೇವಲ ಎರಡು ಸಣ್ಣ ಕಥೆಗಳಲ್ಲಿ ತಂದು ಬಿಟ್ಟುಹೋಗಿದ್ದ ತಾರಾನಾಥ ತಾಂತ್ರಿಕನೆಂಬ ಪಾತ್ರವನ್ನೂ ಎತ್ತಿಕೊಂಡು, ಅವನ ಸುತ್ತ ಹಲವಾರು ಕಥೆಗಳನ್ನು ಹೆಣೆದರು. ಬಂಗಾಳದ ಓದುಗರಿಗೆ ಇಂದು ತಾರಾನಾಥ ತಾಂತ್ರಿಕ ತಂದೆ-ಮಗ ಇಬ್ಬರ ಸೃಷ್ಟಿ.

'ಕಾಜಲ್' ಕಾದಂಬರಿಯನ್ನು ಮೊದಲೆರಡು ಕೃತಿಗಳ ಎತ್ತರದಲ್ಲಿ ಇಡುವವರು ಕಡಿಮೆ. ಅದನ್ನು ಆ ಅಳತೆಗೋಲಿನಿಂದ ಅಳೆಯುವುದೂ ಪೂರ್ತಿ ನ್ಯಾಯವಲ್ಲ. ಬಿಭೂತಿಭೂಷಣರು ಬರೆದಿದ್ದರೆ ಆ ಕಾದಂಬರಿ ಮಗನನ್ನು ಬಿಟ್ಟು ಹೋದ ತಂದೆಯ ಕಣ್ಣಿನಿಂದ ಕಂಡ ಕಥೆಯಾಗುತ್ತಿತ್ತೇನೋ. ತಾರಾದಾಸರು ಬರೆದಾಗ ಅದು ಬಿಟ್ಟುಹೋದ ತಂದೆಯನ್ನು ಹುಡುಕುವ ಮಗನ ಕಥೆಯಾಗದೆ ವಿಧಿಯಿರಲಿಲ್ಲ. ತೀರಿಹೋದ ಹಿರಿಯರಿಗೆ ಮಕ್ಕಳು ಸಲ್ಲಿಸುವ ಋಣವೊಂದಿದೆ ಎಂದು ನಮ್ಮ ಸಂಪ್ರದಾಯ ಹೇಳುತ್ತದೆ. ಕೆಲವರು ಅದನ್ನು ಎಳ್ಳುನೀರಿನಿಂದ ಸಲ್ಲಿಸುತ್ತಾರೆ. ತಾರಾದಾಸರು ಕಾದಂಬರಿಯಿಂದ ಸಲ್ಲಿಸಿದರು.

ತಾರಾದಾಸರು ತೀರಿಕೊಂಡದ್ದು 2010ರಲ್ಲಿ. ಭಾರತದ ಕಾನೂನಿನ ಪ್ರಕಾರ ಲೇಖಕ ಸತ್ತ ಮುಂದಿನ ವರ್ಷದಿಂದ ಅರವತ್ತು ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಬಿಭೂತಿಭೂಷಣರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು ಅದೇ 2010ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಅಂದಿನಿಂದ ಅಪು, ಕಾಜಲ್, ಶಂಕರ ಯಾರ ಸೊತ್ತೂ ಅಲ್ಲ, ಎಲ್ಲರ ಸೊತ್ತು. ಯಾರು ಬೇಕಾದರೂ ಅವರ ಕಥೆಯನ್ನು ಮುಂದುವರಿಸಬಹುದು. ಮುಂದುವರಿಸಿಯೂ ಇದ್ದಾರೆ. 2013ರಲ್ಲಿ 'ಚಾಂದೇರ್ ಪಹಾಡ್' ಸಿನಿಮಾವಾಯಿತು. ಅದರ ನಾಯಕ ಶಂಕರನನ್ನು 2017ರ 'ಅಮೆಜಾನ್ ಅಭಿಜಾನ್' ಚಿತ್ರದಲ್ಲಿ ದಕ್ಷಿಣ ಅಮೆರಿಕಕ್ಕೆ ಕಳಿಸಲಾಯಿತು. ಬಿಭೂತಿಭೂಷಣರು ಬರೆಯದ ಪಯಣವದು. ಇತ್ತ ಸುಭ್ರಜಿತ್ ಮಿತ್ರ ಅವರು 'ಅಪರಾಜಿತೊ' ಕಾದಂಬರಿಯ ಕೊನೆಯ ಭಾಗವನ್ನು ಆಧರಿಸಿ, ರಾಯ್ ಅವರ ತ್ರಯ ನಿಲ್ಲಿಸಿದ ಕಡೆಯಿಂದ ಮುಂದಕ್ಕೆ, 'ಅಭಿಯಾತ್ರಿಕ' ಎಂಬ ಕಪ್ಪುಬಿಳುಪಿನ ಚಿತ್ರ ಮಾಡಿದರು. ಅತ್ಯುತ್ತಮ ಬಂಗಾಳಿ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಒಂದರ ಹಿಂದೆ ಮಾರುಕಟ್ಟೆಯ ಲೆಕ್ಕ ಎದ್ದು ಕಾಣುತ್ತದೆ. ಇನ್ನೊಂದು ಲೇಖಕ ಬರೆದಿಟ್ಟ ಪುಟಗಳಿಗೇ ಮರಳಿ ಹೋಗುತ್ತದೆ. ಎರಡನ್ನೂ ಉತ್ತರಭಾಗವೆಂದು ಒಂದೇ ಹೆಸರಿನಿಂದ ಕರೆದರೆ ಮುಖ್ಯವಾದ ವ್ಯತ್ಯಾಸವೊಂದು ಮರೆಯಾಗುತ್ತದೆ.

ಆ ವ್ಯತ್ಯಾಸವನ್ನು ಹೀಗೆ ಹೇಳಬಹುದು. ಕುತೂಹಲವನ್ನು ತಣಿಸುವ ಉತ್ತರಭಾಗಕ್ಕೆ ಕೊನೆಯಿಲ್ಲ. ಬೇಡಿಕೆ ಇರುವಷ್ಟು ದಿನ ನಾಯಕನನ್ನು ಒಂದು ಖಂಡದಿಂದ ಇನ್ನೊಂದಕ್ಕೆ ಕಳಿಸುತ್ತಲೇ ಇರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಓದುವ, ನೋಡುವ ಸುಖಕ್ಕೂ ಅದರದೇ ಆದ ಸ್ಥಾನವಿದೆ. ಮನುಷ್ಯನೊಬ್ಬನನ್ನು ಕಳೆದುಕೊಂಡ ಕೊರಗಿನಿಂದ ಹುಟ್ಟುವ ಉತ್ತರಭಾಗ ಬೇರೆ ಜಾತಿಯದು. ಬಿಭೂತಿಭೂಷಣರ 'ಅಪರಾಜಿತೊ' ಅಂಥದು. ಬಾಲ್ಯವನ್ನೂ ಹಳ್ಳಿಯನ್ನೂ ಹೆಂಡತಿಯನ್ನೂ ಕಳೆದುಕೊಂಡವನು ಬರೆದದ್ದು. ತಾರಾದಾಸರ 'ಕಾಜಲ್' ಕೂಡ ಅಂಥದೇ. ತಂದೆಯನ್ನು ಕಳೆದುಕೊಂಡವನು ಬರೆದದ್ದು. ಗುಣದಲ್ಲಿ ಹೆಚ್ಚುಕಡಿಮೆ ಇರಬಹುದು, ಹುಟ್ಟಿದ ಮೂಲ ಮಾತ್ರ ಒಂದೇ.

ಇಂದಿನ ಪ್ರಕಾಶಕರೂ ಚಿತ್ರ ನಿರ್ಮಾಪಕರೂ ಕೃತಿಯನ್ನು ಯೋಜಿಸುವಾಗಲೇ ಅದರ ಎರಡನೆಯ, ಮೂರನೆಯ ಭಾಗಗಳಿಗೆ ಜಾಗ ಬಿಟ್ಟಿರುತ್ತಾರೆ. ಓದುಗನ ಹಂಬಲವನ್ನು ಮುಂಗಡವಾಗಿ ಲೆಕ್ಕ ಹಾಕಿಟ್ಟ ವ್ಯವಹಾರ ಅದು. ಲೆಕ್ಕ ಹಾಕದೆ ಹುಟ್ಟುವ ಹಂಬಲ ಇನ್ನೂ ಬದುಕಿದೆಯೆಂದು ತೋರಿಸಲು ಬಿಭೂತಿಭೂಷಣರಂಥವರ ಪುಸ್ತಕಗಳು ಬೇಕು. ಬಂಕಿಮರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರ ಕೈಯಿಂದ ಪಡೆದು ಓದಿದ ಕಾಲದಿಂದಲೂ ಕನ್ನಡಿಗರಿಗೆ ಬಂಗಾಳದ ಕಥನದೊಡನೆ ನಂಟಿದೆ. ಆದರೆ ಅಪುವನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲುದು ಪರದೆಯ ಮೇಲೆ ಮಾತ್ರ. ತಂದೆಯ ಹೆಗಲೇರಿದ ಮಗುವಿನ ಚಿತ್ರದೊಂದಿಗೆ ಆ ಕಥೆ ನಮ್ಮ ಪಾಲಿಗೆ ಮುಗಿದುಹೋಗಿದೆ. ಕಾದಂಬರಿಗಳನ್ನು ಎತ್ತಿಕೊಂಡು ಓದಿದರೆ, ಅದು ಮುಗಿದಿಲ್ಲವೆಂದು ತಿಳಿಯುತ್ತದೆ. ಮಗು ಪಾಳುಮನೆಯ ಅಂಗಳದಲ್ಲಿ ಒಂಟಿಯಾಗಿ ನಿಂತಿದೆ. ತಂದೆ ಹೋದ ದಾರಿ ಅದರ ಎದುರಿಗಿದೆ.